ಜಪಾನಿನ ಜಟ್ಟಿ ಬಚ್ಚಿಟ್ಟ ತಾಯ್ನುಡಿ

(ಕನ್ನಡ ಯುವಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ರಾಜ್ಯೋತ್ಸವದ ಸಭೆಯಲ್ಲಿ ನಿಂತು ಕುಸ್ತಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿರಿ. ನಗಿ, ಬೇಸರವಿಲ್ಲ. ಪಂಪ, ರನ್ನ, ಕುಮಾರವ್ಯಾಸರ ಬಗ್ಗೆ ಮಾತಾಡಲು ನನಗಿಂತ ಹೆಚ್ಚು ಓದಿದವರು ಈ ವೇದಿಕೆಯ ಮೇಲೆಯೇ ಕೂತಿದ್ದಾರೆ. ನಾನು ಒಬ್ಬ ಜಟ್ಟಿಯ ಕತೆ ಹೇಳಿ ಇಳಿದುಬಿಡುತ್ತೇನೆ. ಆತ ನಮ್ಮ ಮೈಸೂರಿನ ಗರಡಿಯವನಲ್ಲ, ಜಪಾನಿನವನು. ಇಲ್ಲ, ತಪ್ಪು ಹೇಳಿದೆ. ಜಪಾನಿನವನು ಎಂದು ಹೇಳಿಕೊಂಡು ಬದುಕಿ, ಹಾಗೆ ಹೇಳಿಕೊಂಡೇ ಸತ್ತವನು. ಕತೆ ಇರುವುದೇ ಅಲ್ಲಿ.

ಆತನ ಹೆಸರು ರಿಕಿಡೋಜಾನ್. ಜಪಾನಿನಲ್ಲಿ ವೃತ್ತಿ ಕುಸ್ತಿಯನ್ನು ಕಟ್ಟಿ ನಿಲ್ಲಿಸಿದವನು. ವೃತ್ತಿ ಕುಸ್ತಿ ಎಂದರೆ ನೀವು ಟೀವಿಯಲ್ಲಿ ನೋಡುವ ಡಬ್ಲ್ಯೂಡಬ್ಲ್ಯೂಇ ಇದೆಯಲ್ಲ, ಅದರ ಹಳೆಯ ಮನೆತನ. ನಮ್ಮ ಜಂಗಿ ಕುಸ್ತಿಯ ಹಾಗಲ್ಲ. ಇಲ್ಲಿ ಗೆಲ್ಲುವವನು ಯಾರೆಂದು ಒಳಗೆ ಮೊದಲೇ ತೀರ್ಮಾನವಾಗಿರುತ್ತದೆ. ಆದರೆ ಬೀಳುವ ಮೈ ನಿಜವಾದದ್ದು, ಒಡೆಯುವ ತುಟಿ ನಿಜವಾದದ್ದು. ಹಾಲ್ ಹಿಡಿಯುವುದು, ಜಟ್ಟಿಗಳನ್ನು ಕರೆಸುವುದು, ಟಿಕೆಟ್ ಮಾರುವುದು, ಯಾರು ಗೆಲ್ಲಬೇಕು ಎಂದು ಹೇಳುವುದು, ಇದೆಲ್ಲ ಪ್ರಮೋಟರ್ ಎಂಬುವನ ಕೆಲಸ. ರಿಕಿಡೋಜಾನ್ ಎರಡೂ ಆಗಿದ್ದ. ನಮ್ಮ ಗುಬ್ಬಿ ವೀರಣ್ಣನವರು ಕಂಪನಿಯ ಮಾಲೀಕರೂ ಹೌದು, ರಂಗದ ಮೇಲಿನ ನಟರೂ ಹೌದು ಅಲ್ಲವೆ, ಹಾಗೆ. ತನ್ನ ಕತೆಯನ್ನು ತಾನೇ ಬರೆದು, ತಾನೇ ಆಡಿ, ತಾನೇ ಟಿಕೆಟ್ ಮಾರಿದವನು. ಆದರೆ ಆ ಕತೆಯಲ್ಲಿ ಒಂದು ಪುಟವನ್ನು ಮಾತ್ರ ಆತ ಬಚ್ಚಿಟ್ಟ. ಯಾವ ಪುಟ? ಮೊದಲನೆಯ ಪುಟ.

ಆತನ ನಿಜವಾದ ಹೆಸರು ಕಿಮ್ ಸಿನ್ ರಾಕ್. ಹುಟ್ಟಿದ್ದು ಕೊರಿಯಾದಲ್ಲಿ, ಈಗ ಉತ್ತರ ಕೊರಿಯಾಕ್ಕೆ ಸೇರಿರುವ ದಕ್ಷಿಣ ಹಾಮ್‌ಗ್ಯಾಂಗ್ ಪ್ರಾಂತ್ಯದಲ್ಲಿ. ದಾಖಲೆಯ ಪ್ರಕಾರ 1924ರ ನವೆಂಬರ್. ಆ ಹೊತ್ತಿಗೆ ಕೊರಿಯಾ ಸ್ವತಂತ್ರ ದೇಶವಾಗಿರಲಿಲ್ಲ. 1910ರಲ್ಲಿ ಜಪಾನ್ ಅದನ್ನು ನುಂಗಿತ್ತು. ನೆಲ ನುಂಗಿದವನು ಅಷ್ಟಕ್ಕೆ ಸುಮ್ಮನಿರುತ್ತಾನೆಯೆ? ನಾಲಗೆಗೂ ಕೈ ಹಾಕುತ್ತಾನೆ. 1938ರಲ್ಲಿ ಶಾಲೆಗಳಲ್ಲಿ ಕೊರಿಯನ್ ಭಾಷೆಯನ್ನು ಬೇಕಾದರೆ ಓದುವ ವಿಷಯ ಎಂದು ಮಾಡಿದರು. ಬೇಕಾದರೆ ಎಂದರೆ ಏನರ್ಥ ಎಂದು ನಿಮಗೆ ನಾನು ಹೇಳಬೇಕೆ? ಕೆಲವೇ ವರ್ಷದಲ್ಲಿ ಅದು ತರಗತಿಯಿಂದಲೇ ಹೋಯಿತು. 1940ರ ಆಗಸ್ಟ್‌ನಲ್ಲಿ ಕೊರಿಯನ್ ಭಾಷೆಯ ದೊಡ್ಡ ದಿನಪತ್ರಿಕೆಗಳಾದ ಚೋಸನ್ ಇಲ್ಬೋ, ಡೋಂಗಾ ಇಲ್ಬೋ ಎರಡಕ್ಕೂ ಬೀಗ ಬಿತ್ತು. ಅದೇ ವರ್ಷ ಮನೆತನದ ಹೆಸರುಗಳನ್ನು ಬಿಟ್ಟು ಜಪಾನಿ ಹೆಸರು ಇಟ್ಟುಕೊಳ್ಳಿ ಎಂಬ ಆಜ್ಞೆ ಬಂತು. ಬಾಯಿಮಾತಿನಲ್ಲಿ ಅದು ಐಚ್ಛಿಕ. ಆದರೆ ಕೆಲವೇ ತಿಂಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಮನೆಗಳು ಹೆಸರು ಬದಲಿಸಿದವು ಎಂದರೆ ಅದು ಎಂಥ ಐಚ್ಛಿಕ ಎಂದು ನೀವೇ ಊಹಿಸಿ.

ಅದೇ 1940ರಲ್ಲಿ ಈ ಹಳ್ಳಿಯ ಹುಡುಗ ಟೋಕಿಯೋದಲ್ಲಿ ಸುಮೋ ಕಣಕ್ಕೆ ಇಳಿದ. ಊರಿನಲ್ಲಿ ಕೊರಿಯನ್ ಕುಸ್ತಿ ಆಡಿ ಮೈ ಗಟ್ಟಿ ಮಾಡಿಕೊಂಡವನನ್ನು ನಿಶೊನೊಸೆಕಿ ಎಂಬ ಸುಮೋ ಗರಡಿ ಸೇರಿಸಿಕೊಂಡಿತ್ತು. ಅಲ್ಲಿಯೇ ಆತನಿಗೆ ರಿಕಿಡೋಜಾನ್ ಎಂಬ ಹೆಸರು ಬಿತ್ತು. ಮುಂದೆ ಕಾಗದಪತ್ರಗಳಲ್ಲಿ ಹುಟ್ಟೂರೂ ಬದಲಾಯಿತು, ನಾಗಾಸಾಕಿ ಸೀಮೆಯ ಒಮುರಾ ಎಂದಾಯಿತು. ಹುಡುಗ ಸುಮ್ಮನೆ ಬೆಳೆದ. 1949ರಲ್ಲಿ ಸೆಕಿವಾಕೆ ಎಂಬ ಸ್ಥಾನಕ್ಕೆ ಏರಿದ. ಸುಮೋದಲ್ಲಿ ಅದರ ಮೇಲೆ ಇನ್ನೆರಡೇ ಮೆಟ್ಟಿಲು.

ಆ ಎರಡು ಮೆಟ್ಟಿಲು ಆತ ಹತ್ತಲಿಲ್ಲ. 1950ರಲ್ಲಿ ಒಂದು ದಿನ ತನ್ನ ಸುಮೋ ಜುಟ್ಟನ್ನು ತಾನೇ ಕತ್ತರಿಸಿಕೊಂಡು ಹೊರಗೆ ಬಂದ. ಸುಮೋ ಜಟ್ಟಿಗೆ ಜುಟ್ಟು ಎಂದರೆ ಮಾನ. ಅದನ್ನು ದೊಡ್ಡ ಸಭೆ ಸೇರಿಸಿ, ಗುರುಹಿರಿಯರ ಕೈಯಲ್ಲಿ ಕತ್ತರಿಸಿಕೊಳ್ಳುವುದು ಪದ್ಧತಿ. ಈತ ಒಬ್ಬನೇ ಕೂತು ಕತ್ತರಿಸಿದ. ಹಣದ ವಿಚಾರದಲ್ಲಿ ಗರಡಿಯ ಯಜಮಾನನೊಡನೆ ಜಗಳ ಎಂದವರುಂಟು. ಕೊರಿಯಾದವನು ಎಂದು ಒಳಗೊಳಗೆ ತುಳಿದರು ಎಂದವರೂ ಉಂಟು. ಬಳಿಕ ಆತ ಜಪಾನಿನ ಕುಟುಂಬ ದಾಖಲೆಯಲ್ಲಿ ಮೊಮೊಟಾ ಮಿತ್ಸುಹಿರೊ ಎಂದಾದ. ಕಿಮ್ ಸಿನ್ ರಾಕ್ ಕಾಗದದ ಮೇಲೆ ತೀರಿಹೋದ.

ಆಮೇಲೆ ಕಟ್ಟಡ ಕಟ್ಟಿಸುವ ಕಂಪನಿಯಲ್ಲಿ ಕೆಲಸ. 1951ರಲ್ಲಿ ಬಾಬಿ ಬ್ರನ್ಸ್ ಎಂಬ ಅಮೆರಿಕದ ಕುಸ್ತಿಪಟು ತನ್ನ ತಂಡದೊಡನೆ ಜಪಾನಿಗೆ ಬಂದ. ರಿಕಿಡೋಜಾನ್ ಆ ಹೊಸ ಕುಸ್ತಿಯನ್ನು ನೋಡಿದ, ಕಲಿತ, ಅಕ್ಟೋಬರ್ 28ರಂದು ಅದೇ ಬ್ರನ್ಸ್ ಜತೆ ಹತ್ತು ನಿಮಿಷ ಕಾದಾಡಿ ಸಮಬಲ ಎನಿಸಿಕೊಂಡ. 1952ರಲ್ಲಿ ಹವಾಯಿಗೆ ಹೋಗಿ ತಾಲೀಮು ಮಾಡಿದ, ಅಮೆರಿಕದ ಅಖಾಡಗಳಲ್ಲಿ ಆಡಿದ. ಬರೀ ಪಟ್ಟು ಕಲಿಯಲಿಲ್ಲ, ವ್ಯಾಪಾರವನ್ನೂ ಕಲಿತ. 1953ರಲ್ಲಿ ಊರಿಗೆ ಮರಳಿ ತನ್ನದೇ ಜಪಾನ್ ವೃತ್ತಿ ಕುಸ್ತಿ ಸಂಸ್ಥೆಯನ್ನು ಕಟ್ಟಿದ. ಸುಮೋ ಸಂಘದ ಹಂಗು ಬೇಡ, ಯಾರ ಅಪ್ಪಣೆಯೂ ಬೇಡ ಎಂದು ನಿಂತ. ಈ ಛಲವನ್ನು ಮೆಚ್ಚಲೇಬೇಕು.

ಈಗ 1954ರ ಫೆಬ್ರವರಿ 19ಕ್ಕೆ ಬನ್ನಿ. ಜಪಾನ್ ಯುದ್ಧದಲ್ಲಿ ಸೋತು ಒಂಬತ್ತು ವರ್ಷ ಆಗಿಲ್ಲ. ಅಮೆರಿಕದ ಸೇನಾಡಳಿತ ಮುಗಿದು ಎರಡು ವರ್ಷವೂ ತುಂಬಿಲ್ಲ. ಜಪಾನಿನಲ್ಲಿ ಟೀವಿ ಪ್ರಸಾರ ಶುರುವಾಗಿ ಒಂದು ವರ್ಷ. ಟೀವಿ ಕೊಳ್ಳುವ ಶಕ್ತಿ ಸಾಮಾನ್ಯ ಮನೆಗಿಲ್ಲ. ಅದಕ್ಕೇ ನಿಪ್ಪಾನ್ ಟೆಲಿವಿಷನ್ ಕಂಪನಿ ಬೀದಿಗಳಲ್ಲಿ, ರೈಲು ನಿಲ್ದಾಣಗಳ ಎದುರಲ್ಲಿ ಟೀವಿ ಇಟ್ಟಿತ್ತು. ಆ ಸಂಜೆ ಟೋಕಿಯೋದ ಶಿಂಬಾಶಿ ನಿಲ್ದಾಣದ ಮುಂದಿನ ಬಯಲಲ್ಲಿ ಒಂದು ಸಣ್ಣ ಪೆಟ್ಟಿಗೆಯ ಮುಂದೆ ಸಾವಿರಾರು ಜನ. ಪರದೆಯ ಮೇಲೆ ಬೆನ್, ಮೈಕ್ ಎಂಬ ಶಾರ್ಪ್ ಸಹೋದರರು. ಆಳೆತ್ತರವನ್ನೂ ಮೀರಿದ ಬಿಳಿಯರು. ಅವರೆದುರು ರಿಕಿಡೋಜಾನ್, ಜತೆಗೆ ಜೂಡೋದ ಮಹಾ ಮಲ್ಲ ಕಿಮುರಾ ಮಸಾಹಿಕೊ.

ಆಟದ ಸೂತ್ರ ಸರಳ. ಬಿಳಿಯರು ಮೋಸ ಮಾಡುತ್ತಾರೆ, ಹೊಡೆಯುತ್ತಾರೆ. ರಿಕಿಡೋಜಾನ್ ತಾಳುತ್ತಾನೆ, ತಾಳುತ್ತಾನೆ, ತಾಳುತ್ತಾನೆ. ಕೊನೆಗೆ ಅಂಗೈಯ ಅಂಚಿನಿಂದ ಎದೆಗೆ ಕರಾಟೆ ಏಟು! ಬಿಳಿಯ ಬೆಟ್ಟ ಉರುಳುತ್ತದೆ! ಬೀದಿಯಲ್ಲಿದ್ದ ಜನ ಕುಣಿದರು. ಸೋತ ದೇಶಕ್ಕೆ ಗೆದ್ದ ಹಾಗಾಯಿತು. ಅಮೆರಿಕದವರನ್ನು ನಮ್ಮವನು ಕೆಡವಿದ ಎಂದು ಜನ ಎದೆಯುಬ್ಬಿಸಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಶಾರ್ಪ್ ಸಹೋದರರು ಅಮೆರಿಕದವರಲ್ಲ, ಕೆನಡಾದವರು. ಅವರನ್ನು ಕೆಡವಿದ ನಮ್ಮವನು ಜಪಾನಿನವನಲ್ಲ, ಕೊರಿಯಾದವನು. ಯಾವ ಜನರ ಹೆಸರು, ಭಾಷೆಗಳನ್ನು ಜಪಾನಿನ ಆಡಳಿತ ಕಿತ್ತುಕೊಂಡಿತ್ತೋ ಆ ಜನರ ಒಬ್ಬ ಮಗ ಬಂದು ಜಪಾನಿನ ಮಾನ ಉಳಿಸಿದ. ಆ ಬಯಲಲ್ಲಿ ಕುಣಿದವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಕುಣಿಯುತ್ತಿದ್ದರೆ? ಈ ಪ್ರಶ್ನೆಯನ್ನು ಆತ ಪ್ರತಿ ರಾತ್ರಿ ತನ್ನನ್ನು ಕೇಳಿಕೊಂಡಿರಬೇಕು. ಪ್ರಮೋಟರ್ ಅಲ್ಲವೆ? ಗಿರಾಕಿಯ ಮನಸ್ಸು ಚೆನ್ನಾಗಿ ಬಲ್ಲವನು. ಕುಣಿಯುವುದಿಲ್ಲ ಎಂದು ಲೆಕ್ಕ ಹಾಕಿದ. ಬಾಯಿ ಮುಚ್ಚಿಕೊಂಡ.

ಆತ ದೇವರೇನಲ್ಲ, ಅದನ್ನೂ ಹೇಳುತ್ತೇನೆ. ಅದೇ ವರ್ಷದ ಡಿಸೆಂಬರ್ 22ರಂದು ತನ್ನ ಜೋಡಿ ಕಿಮುರಾನ ಮೇಲೆಯೇ ಕಣಕ್ಕಿಳಿದ. ಸಮಬಲ ಎಂದು ಮೊದಲೇ ಮಾತಾಗಿತ್ತು ಎಂದು ಕಿಮುರಾ ಆಮೇಲೆ ಹೇಳಿದ. ಕಣದಲ್ಲಿ ರಿಕಿಡೋಜಾನ್ ಮಾತು ಮುರಿದು ನಿಜವಾಗಿಯೇ ಹೊಡೆದ. ಕಿಮುರಾ ನೆಲಕ್ಕೆ ಬಿದ್ದ, ರಕ್ತ ಹರಿಯಿತು. ಜೂಡೋದಲ್ಲಿ ಜಪಾನನ್ನೇ ಗೆದ್ದವನು, 1951ರಲ್ಲಿ ಬ್ರೆಜಿಲ್‌ಗೆ ಹೋಗಿ ಎಲಿಯೊ ಗ್ರೇಸಿಯ ತೋಳು ತಿರುಚಿ ಬಂದವನು, ಆ ಒಂದು ರಾತ್ರಿಯ ಅವಮಾನವನ್ನು ಸಾಯುವವರೆಗೆ ಹೊತ್ತ. ಆ ಧಂದೆಯ ಸುತ್ತ ಭೂಗತ ಲೋಕದವರೂ ಇದ್ದರು. ಇದನ್ನೆಲ್ಲ ಮುಚ್ಚಿಟ್ಟು ಆತನಿಗೆ ಹಾರ ಹಾಕಲು ನಾನು ಬಂದಿಲ್ಲ.

ಆದರೆ ಆತ ಏರಿದ ಎತ್ತರ ನೋಡಿ. 1955ರಲ್ಲಿ ಏಷ್ಯಾ ಚಾಂಪಿಯನ್ ಪಟ್ಟಕ್ಕಾಗಿ ಪಂದ್ಯಾವಳಿ ನಡೆಸಿದ. ನಮ್ಮ ದಾರಾ ಸಿಂಗ್ ಕೂಡ ಅದಕ್ಕಾಗಿ ಜಪಾನಿಗೆ ಹೋಗಿದ್ದರು. ಕೊನೆಗೆ ಕಿಂಗ್ ಕಾಂಗ್ ಎಂಬ ಭಾರೀ ದೇಹದ ಜಟ್ಟಿಯನ್ನು ಸೋಲಿಸಿ ರಿಕಿಡೋಜಾನ್ ಪಟ್ಟ ಕಟ್ಟಿಕೊಂಡ. ಹಳಬರಿಗೆ ಕಿಂಗ್ ಕಾಂಗ್ ನೆನಪಿರಬೇಕು, ದಾರಾ ಸಿಂಗ್ ಜತೆ ಕಾದಾಡಿದವನೇ ಈತ. 1957ರ ಅಕ್ಟೋಬರ್ 7ರಂದು ವಿಶ್ವ ಚಾಂಪಿಯನ್ ಲೂ ಥೆಸ್ಜ್ ಎದುರು ಅರವತ್ತು ನಿಮಿಷ ನಿಂತ. ಅಂದು ನೂರು ಟೀವಿಗಳಲ್ಲಿ ಎಂಬತ್ತೇಳು ಅದನ್ನೇ ತೋರಿಸುತ್ತಿದ್ದವು. 1958ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅದೇ ಥೆಸ್ಜ್‌ನನ್ನು ಗೆದ್ದು ಬಂದ. ಶುಕ್ರವಾರ ರಾತ್ರಿಯ ಟೀವಿ ಕುಸ್ತಿಗೆ ಮಿತ್ಸುಬಿಷಿ ಕಂಪನಿ ಹಣ ಕೊಡುತ್ತಿತ್ತು. ಎರಡು ಪಂದ್ಯಗಳ ನಡುವೆ ಅವರದೇ ಕಸ ಹೀರುವ ಯಂತ್ರದಿಂದ ಅಖಾಡ ಗುಡಿಸುತ್ತಿದ್ದರು. ಜಾಹೀರಾತೂ ಆಯಿತು, ಅಖಾಡವೂ ಚೊಕ್ಕಟವಾಯಿತು! 1961ರಲ್ಲಿ ಟೋಕಿಯೋದ ಶಿಬುಯಾದಲ್ಲಿ ತನ್ನದೇ ಕ್ರೀಡಾ ಅರಮನೆ ಕಟ್ಟಿಸಿದ. 1963ರ ಮೇ ತಿಂಗಳಲ್ಲಿ ಡೆಸ್ಟ್ರಾಯರ್ ಎಂಬ ಮುಸುಕುಧಾರಿಯ ಜತೆ ಆತ ಆಡಿದ ಪಂದ್ಯ ಇಂದಿಗೂ ಜಪಾನಿನ ಟೀವಿ ಚರಿತ್ರೆಯಲ್ಲಿ ಅತಿ ಹೆಚ್ಚು ಮಂದಿ ನೋಡಿದವುಗಳ ಪಟ್ಟಿಯಲ್ಲಿದೆ.

ಇಷ್ಟು ದೊಡ್ಡವನಾದ ಮೇಲಾದರೂ ನಾನು ಕಿಮ್ ಎಂದನೆ? ಇಲ್ಲ.

ಹರಿಮೊಟೊ ಇಸಾವೊ ಎಂಬ ಬೇಸ್‌ಬಾಲ್ ಆಟಗಾರರಿದ್ದಾರೆ. ಜಪಾನಿನ ಲೀಗ್‌ನಲ್ಲಿ 3085 ಹಿಟ್ ಹೊಡೆದ ದಾಖಲೆ ಅವರದು. ಅವರೂ ಕೊರಿಯನ್ ಮನೆತನದವರು. ಅವರು ನೆನಪಿಸಿಕೊಂಡ ಒಂದು ಸಂಗತಿ ಹೇಳುತ್ತೇನೆ. ರಿಕಿಡೋಜಾನ್ ಮನೆಗೆ ಹೋದರೆ ಆತ ಕೋಣೆಯ ಬಾಗಿಲು ಭದ್ರ ಮಾಡಿಕೊಂಡು, ದನಿ ತಗ್ಗಿಸಿ ಕೊರಿಯಾದ ಹಾಡು ಕೇಳುತ್ತಿದ್ದನಂತೆ. ಇಡೀ ದೇಶ ಹೆದರುತ್ತಿದ್ದ ಜಟ್ಟಿ! ಕಬ್ಬಿಣದಂಥ ಎದೆ! ತನ್ನ ಅವ್ವ ಹಾಡಿರಬಹುದಾದ ಹಾಡನ್ನು ಕಳ್ಳಮಾಲಿನ ಹಾಗೆ ಕೇಳುತ್ತಿದ್ದ. ಗೆಳೆಯರೆ, ನಾನು ಈ ಇಡೀ ಕತೆ ಹೇಳುತ್ತಿರುವುದು ಆ ಒಂದು ಮುಚ್ಚಿದ ಬಾಗಿಲಿಗಾಗಿ.

ಇನ್ನೊಂದು ಇದಕ್ಕಿಂತ ಕಹಿ. 1958ರಲ್ಲಿ ಕೊರಿಯಾದಿಂದ ಕಿಮ್ ಇಲ್ ಎಂಬ ಯುವಕ ಈತನ ಶಿಷ್ಯನಾಗಬೇಕೆಂದು ಹಡಗಿನಲ್ಲಿ ಕದ್ದು ಬಂದು ಪೊಲೀಸರಿಗೆ ಸಿಕ್ಕಿಬಿದ್ದ. ರಿಕಿಡೋಜಾನ್ ಆತನನ್ನು ಬಿಡಿಸಿಕೊಂಡು ಗರಡಿಗೆ ಸೇರಿಸಿದ. ದೊಡ್ಡ ಉಪಕಾರ. ಆದರೆ ಕಣಕ್ಕೆ ಇಳಿಸುವಾಗ ಏನೆಂದು ಇಳಿಸಿದ? ಓಕಿ ಕಿಂತಾರೊ ಎಂಬ ಜಪಾನಿ ಹೆಸರಿಟ್ಟು! ಹೆಸರು ಕಳೆದುಕೊಂಡವನು ಇನ್ನೊಬ್ಬನ ಹೆಸರು ಕಳೆಯುವ ಹಾಗಾಯಿತು. ಅಂಜಿಕೆ ಹೀಗೆಯೇ ಗುರುವಿನಿಂದ ಶಿಷ್ಯನಿಗೆ, ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಪುಣ್ಯಕ್ಕೆ ಆ ಶಿಷ್ಯ ಮುಂದೆ ಕೊರಿಯಾಕ್ಕೆ ಮರಳಿ ಕಿಮ್ ಇಲ್ ಎಂದೇ ಕಾದಾಡಿ ಅಲ್ಲಿನ ಜನರ ಕಣ್ಮಣಿಯಾದ. 2006ರಲ್ಲಿ ತೀರಿಕೊಂಡಾಗ ಆತ ಕಿಮ್ ಇಲ್ ಎಂದೇ ತೀರಿಕೊಂಡ.

ಗುರುವಿಗೆ ಆ ಭಾಗ್ಯ ಬರಲಿಲ್ಲ. 1963ರ ಡಿಸೆಂಬರ್ 8ರ ರಾತ್ರಿ ಟೋಕಿಯೋದ ಅಕಾಸಾಕಾದ ನೈಟ್‌ಕ್ಲಬ್ ಒಂದರಲ್ಲಿ ಜಗಳವಾಗಿ ಒಬ್ಬ ರೌಡಿ ಆತನ ಹೊಟ್ಟೆಗೆ ಚಾಕು ಹಾಕಿದ. ಒಂದು ವಾರ ನರಳಿ ಡಿಸೆಂಬರ್ 15ರಂದು ಸತ್ತ. ವಯಸ್ಸು ಮೂವತ್ತೊಂಬತ್ತು. ಟೋಕಿಯೋದ ಇಕೆಗಾಮಿ ಹೊನ್ಮೊಂಜಿ ದೇವಾಲಯದಲ್ಲಿ ಸಮಾಧಿ ಇದೆ. ಆತ ಬೆಳೆಸಿದ ಶಿಷ್ಯರಾದ ಬಾಬಾ, ಇನೊಕಿ ಇಬ್ಬರೂ 1972ರಲ್ಲಿ ತಮ್ಮ ತಮ್ಮ ಸಂಸ್ಥೆ ಕಟ್ಟಿದರು. 1976ರಲ್ಲಿ ಮುಹಮ್ಮದ್ ಅಲಿಯ ಎದುರು ಕಣಕ್ಕಿಳಿದನಲ್ಲ, ಆತನೇ ಈ ಇನೊಕಿ. ಗುರು ಸತ್ತು ಮೂವತ್ತೊಂದು ವರ್ಷ ಕಳೆದ ಮೇಲೆ, 1995ರ ಏಪ್ರಿಲ್‌ನಲ್ಲಿ, ಅದೇ ಇನೊಕಿ ಉತ್ತರ ಕೊರಿಯಾದ ಪ್ಯೋಂಗ್‌ಯಾಂಗ್‌ನಲ್ಲಿ ಎರಡು ದಿನ ಕುಸ್ತಿ ಆಡಿಸಿದ. ಗುರುವಿನ ಹುಟ್ಟುನೆಲ ಎಂದು ಬಹಿರಂಗವಾಗಿ ಹೇಳಿಯೇ ಹೋದ. 2004ರಲ್ಲಿ ದಕ್ಷಿಣ ಕೊರಿಯಾದವರು ಆತನ ಹೆಸರಲ್ಲೇ ಸಿನಿಮಾ ತೆಗೆದರು. ಬದುಕಿದ್ದಾಗ ಯಾವ ಊರಿನವನೆಂದು ಹೇಳಲಾಗದವನನ್ನು ಸತ್ತ ಮೇಲೆ ಮೂರು ಸರ್ಕಾರಗಳ ನೆಲ ತನ್ನವನು ಎಂದಿತು.

ಈಗ ಅದೇ ಪ್ರಾಂತ್ಯದ ಇನ್ನೊಂದು ಮಾತು ಹೇಳದಿದ್ದರೆ ಈ ಕತೆ ಅರ್ಧವಾಗುತ್ತದೆ. ರಿಕಿಡೋಜಾನ್ ಟೋಕಿಯೋದಲ್ಲಿ ಸುಮೋ ಆಡುತ್ತಿದ್ದ 1942ರಲ್ಲಿ, ಆತ ಹುಟ್ಟಿದ ಹಾಮ್‌ಗ್ಯಾಂಗ್ ಸೀಮೆಯಲ್ಲೇ ಪೊಲೀಸರು ಒಬ್ಬ ಶಾಲಾ ಹುಡುಗಿಯ ದಿನಚರಿಯ ಎಳೆ ಹಿಡಿದು ಕೊರಿಯನ್ ಭಾಷಾ ಸಂಘದ ಮೇಲೆ ಬಿದ್ದರು. ಆ ಸಂಘದವರ ಅಪರಾಧವೇನು ಗೊತ್ತೆ? ಬಾಂಬ್ ಅಲ್ಲ, ಬಂದೂಕಲ್ಲ. ನಿಘಂಟು! ತಮ್ಮ ಭಾಷೆಯ ಪದಗಳನ್ನು ಕೂಡಿಸಿ ನಿಘಂಟು ಮಾಡುತ್ತಿದ್ದರು. ಮೂವತ್ತಕ್ಕೂ ಹೆಚ್ಚು ಮಂದಿ ವಿದ್ವಾಂಸರ ಮೇಲೆ ಮೊಕದ್ದಮೆ ಹೂಡಿದರು. ಇ ಯುನ್ ಜೇ, ಹಾನ್ ಜಿಂಗ್ ಎಂಬ ಇಬ್ಬರು ಜೈಲಿನಲ್ಲೇ ಸತ್ತರು. ಹಸ್ತಪ್ರತಿ ಕಾಣೆಯಾಯಿತು. ಜಪಾನ್ ಸೋತ ಮೇಲೆ, 1945ರ ಸೆಪ್ಟೆಂಬರ್‌ನಲ್ಲಿ ಅದು ಸಿಯೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು. 1947ರಲ್ಲಿ ಮೊದಲ ಸಂಪುಟ ಬಂತು, 1957ರಲ್ಲಿ ಆರನೆಯದು ಬಂದು ಮುಗಿಯಿತು. ಅಂದರೆ ರಿಕಿಡೋಜಾನ್ ಟೋಕಿಯೋದಲ್ಲಿ ಥೆಸ್ಜ್ ಎದುರು ನಿಂತ ವರ್ಷವೇ ಆತನ ತಾಯ್ನುಡಿಯ ನಿಘಂಟು ಪೂರ್ತಿಯಾಯಿತು. ಮೂಳೆ ಮುರಿಯುವ ಜಟ್ಟಿ ಭಾಷೆಯನ್ನು ಬಚ್ಚಿಟ್ಟ. ಕನ್ನಡಕ ಹಾಕಿಕೊಂಡ ಬಡಕಲು ಮೇಷ್ಟ್ರುಗಳು ಅದನ್ನು ಎದೆಗವುಚಿಕೊಂಡು ಜೈಲಿಗೆ ಹೋದರು. ನಿಜವಾದ ಪೈಲ್ವಾನರು ಯಾರು?

ಹಾಗೆಂದು ಆತನನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಆತನ ಹೊತ್ತಿನಲ್ಲಿ ಹೆಸರು ಹೇಳಿದರೆ ಅನ್ನ ಹೋಗುತ್ತಿತ್ತು. ಹದಿನೈದು ಹದಿನಾರರ ಹುಡುಗನಿಗೆ ಒಂದು ಸಾಮ್ರಾಜ್ಯವೇ ಎದುರು ನಿಂತಿತ್ತು. ನಮಗೆ ಯಾವ ಸಾಮ್ರಾಜ್ಯ ಎದುರು ನಿಂತಿದೆ ಹೇಳಿ? ನಮ್ಮ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂತು, ಎಂಟನೆಯದು 1995ರಲ್ಲಿ. ಅದಕ್ಕಾಗಿ ಯಾರೂ ಜೈಲಿಗೆ ಹೋಗಬೇಕಾಗಲಿಲ್ಲ. ಪುಸ್ತಕ ಇದೆ, ಪತ್ರಿಕೆ ಇದೆ, ಕಾನೂನಿದೆ, 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದ ಹಿರಿಯರ ಋಣವಿದೆ. ಆದರೂ ನಮ್ಮ ಮೆಟ್ರೋ ರೈಲಿನಲ್ಲಿ ನೋಡಿ. ಊರಿಂದ ಅವ್ವನ ಫೋನು ಬರುತ್ತದೆ. ಹುಡುಗ ಅತ್ತಿತ್ತ ನೋಡುತ್ತಾನೆ, ದನಿ ತಗ್ಗಿಸುತ್ತಾನೆ, ಆಮೇಲೆ ಮಾಡ್ತೀನಿ ಎಂದು ಪಿಸುಗುಟ್ಟಿ ಇಟ್ಟುಬಿಡುತ್ತಾನೆ. ಮರುಕ್ಷಣ ಪಕ್ಕದವನೊಡನೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ನಗುತ್ತಾನೆ. ಯಾರಪ್ಪ ನಿನಗೆ ಹೆದರಿಸಿದವರು? ರಿಕಿಡೋಜಾನ್ ಬಾಗಿಲನ್ನು ಚರಿತ್ರೆ ಮುಚ್ಚಿಸಿತು. ನಿನ್ನ ಬಾಗಿಲನ್ನು ನೀನೇ ಮುಚ್ಚಿಕೊಂಡಿದ್ದೀಯ. ಒಳಗಿನ ಅಗುಳಿಯನ್ನು ಹೊರಗಿನವರು ತೆಗೆಯಲು ಬರುವುದಿಲ್ಲ.

ಇನ್ನೊಂದು ಮಾತಿದೆ, ನಿಮ್ಮಲ್ಲಿ ಕೆಲವರಿಗೆ ರುಚಿಸದೆ ಇರಬಹುದು. ಈ ಕತೆಯಲ್ಲಿ ರಿಕಿಡೋಜಾನ್ ಒಬ್ಬನೇ ಅಲ್ಲ, ಬಯಲಲ್ಲಿ ನಿಂತ ಆ ಜನವೂ ಇದ್ದಾರೆ. ಅವರು ಕೆಟ್ಟವರಲ್ಲ, ಸೋತು ನೊಂದ ಬಡವರು. ಆದರೆ ಅವರ ಪ್ರೀತಿಗೆ ಒಂದು ಷರತ್ತಿತ್ತು. ನೀನು ನಮ್ಮವನೇ ಆಗಿದ್ದರೆ ಮಾತ್ರ ಚಪ್ಪಾಳೆ ಎಂಬ ಷರತ್ತು. ನಾವು ಅಂಥ ಜನ ಆಗಬಾರದು. ಬೆಂಗಳೂರಿಗೆ ಹೊಟ್ಟೆಪಾಡಿಗೆ ಬಂದವನಿಗೆ ಕನ್ನಡ ಕಲಿ ಎಂದು ಕೇಳುವುದು ನಮ್ಮ ಹಕ್ಕು, ಗಟ್ಟಿಯಾಗಿಯೇ ಕೇಳೋಣ. ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಬೋರ್ಡಿನ ಮೇಲೆ ಕನ್ನಡ ಬೇಕು ಎಂದು ಕೇಳುವುದೂ ಹಕ್ಕು. ಆದರೆ ನಿನ್ನ ಅವ್ವನ ಭಾಷೆಯನ್ನು ಬಚ್ಚಿಟ್ಟುಕೋ ಎನ್ನುವುದು ಹಕ್ಕಲ್ಲ, ಅದು ಹಾಮ್‌ಗ್ಯಾಂಗ್‌ನ ಪೊಲೀಸನ ಕೆಲಸ. ನಮ್ಮಲ್ಲಿ ತುಳು, ಕೊಡವ, ಬ್ಯಾರಿ, ಕೊಂಕಣಿ, ಉರ್ದು, ಲಂಬಾಣಿ ಮನೆಮಾತಿನ ಎಷ್ಟೋ ಮಂದಿ ಕನ್ನಡದ ಕಟ್ಟಾಳುಗಳಿದ್ದಾರೆ. ಅವರು ಬಾಗಿಲು ಮುಚ್ಚಿಕೊಂಡು ಹಾಡು ಕೇಳುವ ದಿನ ಬಂದರೆ ನಾವು ಗೆದ್ದಂತಲ್ಲ, ಸೋತಂತೆ.

ಹರಿಮೊಟೊ ಅವರ ಮಾತು ಹೇಳಿ ಮುಗಿಸುತ್ತೇನೆ. ಅವರು ತಾವು ಕೊರಿಯನ್ ಎಂಬುದನ್ನು ಮುಚ್ಚಿಡಲಿಲ್ಲ. ಅದಕ್ಕಾಗಿ ಮೈದಾನದಲ್ಲಿ ಬೈಗುಳ ತಿಂದರು. ಆದರೂ 3085 ಬಾರಿ ಚೆಂಡಿಗೆ ಹೊಡೆದರು, ಅದೇ ಜನ ಎದ್ದು ನಿಂತು ನೋಡಿದರು. ರಿಕಿಡೋಜಾನ್ ಹಾಕಿದ ಲೆಕ್ಕ ಪೂರ್ತಿ ಸರಿಯಿರಲಿಲ್ಲ ಎಂದಾಯಿತು. ಜನರಿಗೆ ಒಂದು ಅವಕಾಶ ಕೊಡಬೇಕಿತ್ತು. ಕೊಡುವ ಧೈರ್ಯ ಆ ಕಾಲದಲ್ಲಿ ಆತನಿಗೆ ಬರಲಿಲ್ಲ, ಅಷ್ಟೆ.

ನಿಮಗೆ ಬರಲಿ. ನಾಳೆ ಮೆಟ್ರೋದಲ್ಲಿ ಅವ್ವನ ಫೋನು ಬಂದರೆ ದನಿ ತಗ್ಗಿಸಬೇಡಿ. ಹೂಂ ಅವ್ವ, ಹೇಳು ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಮಾತಾಡಿ. ಪಕ್ಕದಲ್ಲಿ ಇನ್ನೊಬ್ಬ ತನ್ನ ಅವ್ವನೊಡನೆ ತನ್ನ ಮಾತಿನಲ್ಲಿ ಮಾತಾಡುತ್ತಿದ್ದರೆ ಅವನ ಕಡೆಗೂ ಒಂದು ನಗೆ ಬೀರಿ. ಫೋನು ಇಟ್ಟ ಮೇಲೆ ಅವನಿಗೆ ಎರಡು ಮಾತು ಕನ್ನಡ ಕಲಿಸಿ. ಕನ್ನಡ ಕಟ್ಟುವ ಕೆಲಸ ಅಲ್ಲಿಂದಲೂ ಶುರುವಾಗುತ್ತದೆ.